ಡೆವಿಲ್ ಮೇ ಕ್ರೈ 5: ಆಟವನ್ನು ಕಲಿಯುವ ಕ್ರಮ, ಕಲೆಕ್ಟರ್ಸ್ ಎಡಿಷನ್ ಕೊಳ್ಳುವ ಕ್ರಮ

ಜಪಾನಿನ ಒಸಾಕಾದಲ್ಲಿರುವ ಕ್ಯಾಪ್‌ಕಾಮ್ ಸಂಸ್ಥೆಯು ‘ಡೆವಿಲ್ ಮೇ ಕ್ರೈ 5’ ಗೇಮನ್ನು 2019ರ ಮಾರ್ಚ್ 8ರಂದು ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮತ್ತು ಪಿಸಿಗಳಿಗೆ ಬಿಡುಗಡೆ ಮಾಡಿತು. 2001ರಲ್ಲಿ ಪ್ಲೇಸ್ಟೇಷನ್ 2ರಲ್ಲಿ ಆರಂಭವಾದ ಈ ಸರಣಿಯ ಮೂಲ ಕಥೆ 2008ರ ನಾಲ್ಕನೆಯ ಭಾಗಕ್ಕೆ ನಿಂತುಹೋಗಿತ್ತು. 2013ರಲ್ಲಿ ಬಂದ ಗೇಮ್ ಬೇರೊಂದು ತಂಡ ಬೇರೊಂದು ಲೋಕದಲ್ಲಿ ಕಟ್ಟಿದ್ದು. ಹೀಗಾಗಿ ಅಭಿಮಾನಿಗಳು ಈ ಐದನೆಯ ಭಾಗಕ್ಕಾಗಿ ಹನ್ನೊಂದು ವರ್ಷ ಕಾದರು. ಮೂರು ಮತ್ತು ನಾಲ್ಕನೆಯ ಭಾಗಗಳನ್ನು ನಿರ್ದೇಶಿಸಿದ್ದ ಹಿಡೆಯಾಕಿ ಇತ್ಸುನೊ ಅವರೇ ಇದನ್ನೂ ನಿರ್ದೇಶಿಸಿದರು. ಕಪ್ಪು ಕಲ್ಲಿನ ಹಳೆಯ ಯುರೋಪಿಯನ್ ನಗರ, ಅದರ ನಡುವೆ ರಕ್ತ ಹೀರಿ ಬೆಳೆಯುವ ದೈತ್ಯ ವೃಕ್ಷ, ಉದ್ದ ಕೋಟು ಧರಿಸಿ ಖಡ್ಗ ಹಿಡಿದ ಅರೆರಾಕ್ಷಸ ವಂಶಜರು, ಇವೆಲ್ಲ ಇದರ ಗೋಥಿಕ್ ಮೈಕಟ್ಟು. ಅದರ ಜೀವಾಳವಿರುವುದು ಮಾತ್ರ ಕಾಳಗದಲ್ಲಿ.

ಈ ಗೇಮನ್ನು ಮುಗಿಸುವುದು ಕಷ್ಟವಲ್ಲ. ಒಂದೇ ಬಟನನ್ನು ಒತ್ತುತ್ತಾ ಹೋದರೂ ಸಾಧಾರಣ ಹಂತದಲ್ಲಿ ಕೊನೆಯ ದೃಶ್ಯದವರೆಗೆ ತಲುಪಬಹುದು. ಹಾಗೆ ತಲುಪಿದವರು ‘ಇದರಲ್ಲಿ ಅಂಥದ್ದೇನಿದೆ’ ಎಂದು ಕೇಳಿದರೆ ಅದು ಅವರ ತಪ್ಪೂ ಅಲ್ಲ, ಏಕೆಂದರೆ ಗೇಮ್ ತನ್ನ ಅತ್ಯುತ್ತಮವಾದುದನ್ನು ತಾನಾಗಿ ಕಲಿಸಿಕೊಡುವುದಿಲ್ಲ. ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು ಎಂಬ ಕ್ರಮವನ್ನು ತಿಳಿಸುವುದೇ ಈ ಮಾರ್ಗದರ್ಶಿಯ ಮುಖ್ಯ ಉದ್ದೇಶ. ಗೇಮಿನ ಜೊತೆಗೆ ಸಂಗ್ರಹಿಸಿಡುವಂಥ ವಸ್ತುಗಳೂ ಇರುವ ವಿಶೇಷ ಪೆಟ್ಟಿಗೆಯ, ಅಂದರೆ ಕಲೆಕ್ಟರ್ಸ್ ಎಡಿಷನ್‌ನ, ವಿಚಾರವನ್ನು ಉತ್ತರಾರ್ಧಕ್ಕೆ ಇಟ್ಟಿರುವುದು ಬೇಕೆಂದೇ: ಆಡದೆ ಕೊಂಡ ಪೆಟ್ಟಿಗೆ ಬರೀ ಪೆಟ್ಟಿಗೆಯಾಗಿ ಉಳಿಯುತ್ತದೆ, ಆಡಿ ಕೊಂಡವರಿಗೆ ಅದರೊಳಗಿನ ಒಂದೊಂದು ವಸ್ತುವೂ ಪರಿಚಿತವಾಗಿರುತ್ತದೆ.

ಯಾವ ಆವೃತ್ತಿಯನ್ನು ಕೊಳ್ಳಬೇಕು

ಮೊದಲ ತೀರ್ಮಾನ ನಿಮ್ಮ ಬಳಿ ಯಾವ ಯಂತ್ರವಿದೆ ಎಂಬುದರ ಮೇಲೆ ನಿಲ್ಲುತ್ತದೆ. ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಇದ್ದವರು 2020ರ ನವೆಂಬರ್‌ನಲ್ಲಿ ಆ ಯಂತ್ರಗಳ ಜೊತೆಗೇ ಬಂದ ಸ್ಪೆಷಲ್ ಎಡಿಷನ್ನನ್ನು ಕೊಳ್ಳುವುದು ಒಳ್ಳೆಯದು. ಅದರಲ್ಲಿ ನೀರೋ, ವಿ, ಡಾಂಟೆ ಎಂಬ ಮೂವರು ನಾಯಕರ ಜೊತೆಗೆ ವರ್ಜಿಲ್ ಎಂಬ ನಾಲ್ಕನೆಯ ಪಾತ್ರ ಮೊದಲಿನಿಂದಲೇ ಇರುತ್ತಾನೆ, ಆಟದ ವೇಗವನ್ನು ಶೇ. 20ರಷ್ಟು ಹೆಚ್ಚಿಸುವ ಟರ್ಬೊ ಮೋಡ್ ಇದೆ, ಶತ್ರುಗಳ ಸಂಖ್ಯೆಯನ್ನು ವಿಪರೀತ ಹೆಚ್ಚಿಸುವ ‘ಲೆಜೆಂಡರಿ ಡಾರ್ಕ್ ನೈಟ್’ ಮೋಡ್ ಇದೆ, ಬೆಳಕಿನ ಪ್ರತಿಫಲನವನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಕೂಡ ಇದೆ. ಪಿಸಿ ಮತ್ತು ಹಳೆಯ ಕನ್ಸೋಲ್‌ಗಳವರಿಗೆ ಈ ಆವೃತ್ತಿ ಬರಲಿಲ್ಲ. ವರ್ಜಿಲ್ ಒಬ್ಬನನ್ನು ಮಾತ್ರ 2020ರ ಡಿಸೆಂಬರ್ 15ರಿಂದ ಪ್ರತ್ಯೇಕವಾಗಿ ಕೊಳ್ಳುವ ಅವಕಾಶ ಸಿಕ್ಕಿತು.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ಪ್ಲೇಸ್ಟೇಷನ್ 4ರ ಡಿಸ್ಕ್, ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರಲ್ಲಿ ಓಡುತ್ತದೆ, ಆದರೆ ಅದು ಉಚಿತವಾಗಿ ಸ್ಪೆಷಲ್ ಎಡಿಷನ್ ಆಗಿ ಬದಲಾಗುವುದಿಲ್ಲ. 2019ರ ಕಲೆಕ್ಟರ್ಸ್ ಎಡಿಷನ್‌ನೊಳಗೆ ಇರುವುದು ಹಳೆಯ ಕನ್ಸೋಲ್‌ಗಳ ಆವೃತ್ತಿಯೇ. ಪೆಟ್ಟಿಗೆಯೂ ಬೇಕು, ಹೊಸ ಯಂತ್ರದ ಸೌಲಭ್ಯಗಳೂ ಬೇಕು ಎನ್ನುವವರು ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಲು ಸಿದ್ಧರಿರಬೇಕು.

ಪಿಸಿಯಲ್ಲಿ ಆಡುವವರು 35 ಜಿಬಿ ಜಾಗ ಮತ್ತು 8 ಜಿಬಿ ರ‍್ಯಾಮ್ ಇರುವಂತೆ ನೋಡಿಕೊಳ್ಳಬೇಕು. ಕೀಬೋರ್ಡಿನಲ್ಲಿ ಆಡುವುದು ಸಾಧ್ಯವಿದೆಯಾದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಶತ್ರುವನ್ನು ಲಾಕ್ ಮಾಡಿ (ಗುರಿ ಅದರ ಮೇಲೇ ನಿಲ್ಲುವಂತೆ) ಹಿಡಿದು, ಸ್ಟಿಕ್ಕನ್ನು ಹಿಂದಕ್ಕೋ ಮುಂದಕ್ಕೋ ತಳ್ಳಿ, ಅದೇ ಗಳಿಗೆಯಲ್ಲಿ ಹೊಡೆಯುವುದು ಈ ಗೇಮಿನ ಮೂಲ ವ್ಯಾಕರಣ. ಅದಕ್ಕೆ ಕಂಟ್ರೋಲರ್ ಹೇಳಿ ಮಾಡಿಸಿದ್ದು. ಇನ್ನೊಂದು ಮಾತು: ರಕ್ತಪಾತ ಧಾರಾಳವಾಗಿರುವ ಈ ಗೇಮಿಗೆ ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆ ಎಂಬ ಮುದ್ರೆ ಬಿದ್ದಿದೆ, ಆದ್ದರಿಂದ ಇದು ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಆಡುವ ಮುನ್ನ ಅಂಕಗಳ ಲೆಕ್ಕವನ್ನು ತಿಳಿಯಿರಿ

ಪರದೆಯ ಬಲಬದಿಯಲ್ಲಿ ಕಾಣುವ ಅಕ್ಷರವೇ ಈ ಗೇಮಿನ ಆತ್ಮ. ಡಿ ಇಂದ ಶುರುವಾಗಿ ಸಿ, ಬಿ, ಎ, ಎಸ್, ಎಸ್‌ಎಸ್ ದಾಟಿ ಎಸ್‌ಎಸ್‌ಎಸ್‌ವರೆಗೆ ಏರುವ ಈ ಶ್ರೇಣಿಯು ನೀವು ಎಷ್ಟು ವೈವಿಧ್ಯವಾಗಿ ಹೊಡೆಯುತ್ತಿದ್ದೀರಿ ಎಂಬುದನ್ನು ಅಳೆಯುತ್ತದೆ. ಒಂದೇ ಹೊಡೆತವನ್ನು ಮತ್ತೆ ಮತ್ತೆ ಬಳಸಿದರೆ ಅದರಿಂದ ಬರುವ ಅಂಕ ಕುಗ್ಗುತ್ತದೆ, ಪೆಟ್ಟು ತಿಂದರೆ ಶ್ರೇಣಿ ಬೀಳುತ್ತದೆ, ಸುಮ್ಮನೆ ನಿಂತರೂ ನಿಧಾನವಾಗಿ ಇಳಿಯುತ್ತದೆ. ಶತ್ರುವನ್ನು ಅಣಕಿಸುವ ಚೇಷ್ಟೆಗೂ ಅಂಕವಿದೆ.

ಸಂಗೀತವನ್ನು ಈ ಶ್ರೇಣಿಗೆ ಕಟ್ಟಿರುವ ಬಗೆ ನನಗೆ ಬಹಳ ಮೆಚ್ಚಿಕೆಯಾದದ್ದು. ನೀರೋನ ಕಾಳಗದಲ್ಲಿ ಕೇಳುವ ‘ಡೆವಿಲ್ ಟ್ರಿಗರ್’ ಹಾಡು ಕೆಳಗಿನ ಶ್ರೇಣಿಗಳಲ್ಲಿ ಪೀಠಿಕೆಯಲ್ಲೇ ಸುತ್ತುತ್ತಿರುತ್ತದೆ. ನೀವು ಎಸ್ ಮುಟ್ಟಿದಾಗ ಪಲ್ಲವಿ ಸ್ಫೋಟಿಸುತ್ತದೆ. ಪೆಟ್ಟು ತಿಂದು ಶ್ರೇಣಿ ಬಿದ್ದರೆ ಹಾಡೂ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಹೊಸಬರಿಗೆ ನನ್ನ ಮೊದಲ ಸಲಹೆ, ಅಕ್ಷರವನ್ನು ನೋಡಲು ಕಣ್ಣನ್ನು ಶತ್ರುವಿನಿಂದ ಕೀಳಬೇಡಿ, ಕಿವಿಯಿಂದಲೇ ಶ್ರೇಣಿಯನ್ನು ಅರಿಯುವ ಅಭ್ಯಾಸ ಮಾಡಿಕೊಳ್ಳಿ. ಧ್ವನಿಯನ್ನು ಕುಗ್ಗಿಸಿ ಆಡುವವರು ಈ ಸಹಾಯವನ್ನು ಪೂರ್ತಿ ಕಳೆದುಕೊಳ್ಳುತ್ತಾರೆ.

ಆರಂಭದಲ್ಲಿ ಗೇಮ್ ಕಠಿಣತೆಯ ಎರಡು ಹಂತಗಳನ್ನು ಕೊಡುತ್ತದೆ: ಹ್ಯೂಮನ್ ಮತ್ತು ಡೆವಿಲ್ ಹಂಟರ್. ಆ್ಯಕ್ಷನ್ ಗೇಮ್‌ಗಳ ಪರಿಚಯ ಅಷ್ಟಿಷ್ಟು ಇದ್ದರೂ ಸಾಕು, ಡೆವಿಲ್ ಹಂಟರ್ ಆರಿಸಿಕೊಳ್ಳಿ. ಹ್ಯೂಮನ್‌ನಲ್ಲಿ ಶತ್ರುಗಳು ಕಾಂಬೊ (ಹೊಡೆತಗಳ ಸರಣಿ) ಕಟ್ಟುವಷ್ಟು ಹೊತ್ತು ಬದುಕುವುದಿಲ್ಲ. ಜೊತೆಗೆ, ಒಂದೇ ಬಟನ್ನಿಂದ ಸೊಗಸಾದ ಹೊಡೆತಗಳನ್ನು ತಾನೇ ಜೋಡಿಸುವ ಆಟೋ ಅಸಿಸ್ಟ್ ಸೌಲಭ್ಯವನ್ನು ಮೊದಲಿನಿಂದಲೇ ಆಫ್ ಮಾಡಿರಿ. ಕೈಗೆ ತೊಂದರೆಯಿರುವವರಿಗೆ, ಕಥೆ ಮಾತ್ರ ಬೇಕಾದವರಿಗೆ ಅದು ಒಳ್ಳೆಯ ಏರ್ಪಾಟು. ಕಲಿಯಬೇಕು ಎನ್ನುವವರಿಗೆ ಮಾತ್ರ ಅದು ಅಡ್ಡಿ.

ಆರಂಭದ ಕಾಳಗದಲ್ಲೇ ಯುರಿಜೆನ್ ಎಂಬ ರಾಕ್ಷಸರಾಜ ಎದುರಾಗುತ್ತಾನೆ. ಅಲ್ಲಿ ಸೋಲುವಂತೆಯೇ ಕಥೆಯನ್ನು ಹೆಣೆದಿದ್ದಾರೆ, ಆದ್ದರಿಂದ ಸೋತರೆ ಗಾಬರಿ ಬೇಡ. ಎಲ್ಲ ವಿದ್ಯೆಗಳನ್ನು ಕಲಿತು ಮರಳಿ ಬಂದು ಅವನನ್ನು ಅಲ್ಲೇ ಸೋಲಿಸಿದರೆ ಗೇಮ್ ಬೇರೊಂದು ಚಿಕ್ಕ ಮುಕ್ತಾಯವನ್ನು ತೋರಿಸಿ ಮುಗಿದುಹೋಗುತ್ತದೆ.

ನೀರೋ: ಇಲ್ಲಿ ಸಮಯ ಕೊಡಿ

ಗೇಮಿನಲ್ಲಿ ಇಪ್ಪತ್ತು ಮಿಷನ್‌ಗಳಿವೆ, ಮೊದಲ ಮೂರು ನೀರೋನವು. ಅವನ ಖಡ್ಗ ‘ರೆಡ್ ಕ್ವೀನ್’, ಅವನ ರಿವಾಲ್ವರ್ ‘ಬ್ಲೂ ರೋಸ್’, ಕಳೆದುಹೋದ ಬಲಗೈಯ ಜಾಗದಲ್ಲಿ ನಿಕೊ ಎಂಬ ಕುಶಲಕರ್ಮಿ ತಯಾರಿಸಿಕೊಡುವ ಯಾಂತ್ರಿಕ ಕೈ ‘ಡೆವಿಲ್ ಬ್ರೇಕರ್’. ಮೂರು ಸಂಗತಿಗಳನ್ನು ಈ ಕ್ರಮದಲ್ಲೇ ಕಲಿಯಿರಿ.

ಮೊದಲನೆಯದು ಲಾಕ್-ಆನ್. ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಆರ್1 ಒತ್ತಿ ಹಿಡಿದಿರುವಾಗ ಸ್ಟಿಕ್ಕನ್ನು ಶತ್ರುವಿನತ್ತ ತಳ್ಳಿ ತ್ರಿಕೋನ ಒತ್ತಿದರೆ ನೀರೋ ನುಗ್ಗಿ ಹೊಡೆಯುತ್ತಾನೆ, ಇದು ‘ಸ್ಟ್ರೀಕ್’. ಸ್ಟಿಕ್ಕನ್ನು ಶತ್ರುವಿನಿಂದ ಹಿಂದಕ್ಕೆ ಎಳೆದು ತ್ರಿಕೋನ ಒತ್ತಿದರೆ ಶತ್ರು ಗಾಳಿಗೆ ಎಸೆಯಲ್ಪಡುತ್ತದೆ, ಇದು ‘ಹೈ ರೋಲರ್’; ಬಟನನ್ನು ಬಿಡದೆ ಹಿಡಿದರೆ ನೀರೋ ಕೂಡ ಅದರ ಹಿಂದೆಯೇ ಮೇಲಕ್ಕೆ ಜಿಗಿಯುತ್ತಾನೆ. ದಿಕ್ಕು ಯಾವಾಗಲೂ ಶತ್ರು ನಿಂತಿರುವ ಕಡೆಯಿಂದ ಲೆಕ್ಕವಾಗುತ್ತದೆ, ಪರದೆಯ ಮೇಲೆ ಕೆಳಗೆ ಎಂದು ಲೆಕ್ಕ ಹಾಕಬೇಡಿ. ಲಾಕ್ ಮಾಡಿಯೇ ವೃತ್ತ ಒತ್ತಿದರೆ ‘ವೈರ್ ಸ್ನ್ಯಾಚ್’ ಎಂಬ ತಂತಿ ಚಿಮ್ಮಿ ಚಿಕ್ಕ ಶತ್ರುವನ್ನು ನಿಮ್ಮ ಬಳಿಗೆ ಎಳೆದುತರುತ್ತದೆ, ದೊಡ್ಡ ಶತ್ರುವಾದರೆ ನೀರೋನನ್ನೇ ಅದರತ್ತ ಎಳೆಯುತ್ತದೆ. ಗಾಳಿಯಲ್ಲಿ ಹೊಡೆದು, ಕೆಳಗೆ ಬೀಳುವ ಮುನ್ನ ತಂತಿಯಿಂದ ಇನ್ನೊಂದು ಶತ್ರುವನ್ನು ಎಳೆದುಕೊಂಡರೆ ನೆಲ ಮುಟ್ಟದೆ ಕಾಳಗ ಮುಂದುವರಿಯುತ್ತದೆ. ಈ ಒಂದು ಅಭ್ಯಾಸದಿಂದಲೇ ಹೊಸಬರು ಬಿ ಇಂದ ಎಸ್‌ಗೆ ಏರುವುದನ್ನು ನೋಡಿದ್ದೇನೆ.

ಎರಡನೆಯದು ಎಕ್ಸೀಡ್. ರೆಡ್ ಕ್ವೀನ್‌ನ ಹಿಡಿಯಲ್ಲಿ ಮೋಟರ್‌ಸೈಕಲ್ಲಿನ ಆ್ಯಕ್ಸಿಲರೇಟರ್‌ನಂಥ ಹಿಡಿಕೆಯಿದೆ, ಎಲ್2 ಒತ್ತಿದರೆ ನೀರೋ ಅದನ್ನು ತಿರುಚುತ್ತಾನೆ. ಹಾಗೆ ತಿರುಚಿ ಮೂರು ಮಟ್ಟಗಳವರೆಗೆ ಇಂಧನ ತುಂಬಿಸಬಹುದು, ತುಂಬಿದ ಮೇಲೆ ಮುಂದಿನ ಹೊಡೆತ ಬೆಂಕಿಯೊಂದಿಗೆ ಬರುತ್ತದೆ. ನಿಂತು ತುಂಬಿಸುವುದು ಸುಲಭ, ಆದರೆ ಹಾಗೆ ನಿಂತರೆ ಶ್ರೇಣಿ ಇಳಿಯುತ್ತದೆ. ನಿಜವಾದ ವಿದ್ಯೆ ಇರುವುದು ಖಡ್ಗ ಬೀಸಿದ ಗಳಿಗೆಯಲ್ಲಿ: ಅಲುಗು ಬೀಸಿ ಹೊರಳುವ ಆ ಸೂಕ್ಷ್ಮ ಹೊತ್ತಿನಲ್ಲೇ ಎಲ್2 ಒತ್ತಿದರೆ ಒಂದು ಮಟ್ಟ ತಾನಾಗಿ ತುಂಬುತ್ತದೆ, ಅದಕ್ಕೆ ‘ಎಕ್ಸ್-ಆ್ಯಕ್ಟ್’ ಎನ್ನುತ್ತಾರೆ. ಗೇಮಿನೊಳಗಿನ ಹಣವಾದ ಕೆಂಪು ಆರ್ಬ್‌ಗಳನ್ನು ಕೊಟ್ಟು ಕೊಳ್ಳುವ ‘ಮ್ಯಾಕ್ಸ್-ಆ್ಯಕ್ಟ್’ ವಿದ್ಯೆಯಿದ್ದರೆ, ಇನ್ನೂ ಬಿಗಿಯಾದ ಸಮಯಕ್ಕೆ ಒತ್ತಿದಾಗ ಮೂರೂ ಮಟ್ಟಗಳು ಒಟ್ಟಿಗೆ ತುಂಬುತ್ತವೆ.

ಇದನ್ನು ಕಲಿಯುವ ಸ್ಥಳ ‘ದಿ ವಾಯ್ಡ್’ ಎಂಬ ಅಭ್ಯಾಸದ ಅಂಗಳ. ಅಲ್ಲಿ ಒಂದೇ ಶತ್ರುವನ್ನು ನಿಲ್ಲಿಸಿಕೊಂಡು ನಾಲ್ಕು ಹೊಡೆತಗಳ ಸರಳ ಕಾಂಬೊವನ್ನು ಹಾಕಿ. ಮೊದಲಿಗೆ ಮೊದಲನೆಯ ಹೊಡೆತಕ್ಕೆ ಮಾತ್ರ ಎಲ್2 ಒತ್ತಿ, ಉಳಿದ ಮೂರನ್ನು ಹಾಗೇ ಬಿಡಿ. ಸರಿಯಾದಾಗ ಎಂಜಿನ್ ಗುಡುಗಿದ ಸದ್ದು ಬರುತ್ತದೆ, ಅಲುಗಿನಲ್ಲಿ ಜ್ವಾಲೆ ಹೊಮ್ಮುತ್ತದೆ. ಆ ಒಂದು ಹೊಡೆತ ಕೈಗೆ ಕೂತ ಮೇಲೆ ಎರಡನೆಯದನ್ನು ಸೇರಿಸಿ. ನಾಲ್ಕು ಹೊಡೆತಗಳ ಲಯವೂ ಬೇರೆ ಬೇರೆ, ಆದ್ದರಿಂದ ಎಲ್ಲಕ್ಕೂ ಒಟ್ಟಿಗೆ ಕೈ ಹಾಕಿದವರು ಯಾವುದನ್ನೂ ಕಲಿಯುವುದಿಲ್ಲ. ತೋರುಬೆರಳಿಗೆ ಎಲ್2 ಒಗ್ಗದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸೀಡ್ ಬಟನನ್ನು ಬೇರೆಡೆಗೆ ಬದಲಾಯಿಸಿಕೊಳ್ಳಿ. ಅದನ್ನು ಅಭ್ಯಾಸ ಗಟ್ಟಿಯಾಗುವ ಮೊದಲೇ ಮಾಡಬೇಕು, ಆಮೇಲೆ ಬದಲಾಯಿಸುವುದು ಕಲಿತದ್ದನ್ನು ಮರೆಯುವಷ್ಟೇ ಕಷ್ಟ.

ಮೂರನೆಯದು ಡೆವಿಲ್ ಬ್ರೇಕರ್‌ಗಳ ಆಯ್ಕೆ. ಈ ಕೈಗಳು ಬಂದೂಕಿನ ಗುಂಡುಗಳಂತೆ ಸಾಲಾಗಿ ಜೋಡಣೆಯಾಗುತ್ತವೆ, ಬಳಸಬಹುದಾದದ್ದು ಸಾಲಿನ ಮುಂದಿರುವುದನ್ನು ಮಾತ್ರ. ಮುಂದಿನದು ಬೇಕಾದರೆ ಕೈಯಲ್ಲಿರುವುದನ್ನು ಎಲ್1 ಒತ್ತಿ ಸ್ಫೋಟಿಸಿ ಕಳೆದುಕೊಳ್ಳಬೇಕು. ಬಳಸುತ್ತಿರುವಾಗ ಪೆಟ್ಟು ಬಿದ್ದರೂ ಕೈ ಮುರಿಯುತ್ತದೆ. ಇದನ್ನು ಹಲವರು ದೋಷವೆಂದು ಬಗೆಯುತ್ತಾರೆ, ನನಗೆ ಹಾಗನ್ನಿಸುವುದಿಲ್ಲ: ಮುರಿಯುವ ಭಯ ಇರುವುದರಿಂದಲೇ ಯಾವುದನ್ನು ಯಾವಾಗ ಬಳಸಬೇಕೆಂಬ ವಿವೇಚನೆ ಹುಟ್ಟುತ್ತದೆ. ಆರಂಭದಲ್ಲಿ ಗರ್ಬೆರಾವನ್ನು ಹೆಚ್ಚಾಗಿ ತುಂಬಿಕೊಳ್ಳಿ. ಅದರ ಆಘಾತದ ಅಲೆ ನೀರೋನನ್ನು ಗಾಳಿಯಲ್ಲೂ ಬೇಕಾದ ದಿಕ್ಕಿಗೆ ತಳ್ಳಿ ಪೆಟ್ಟಿನಿಂದ ಪಾರುಮಾಡುತ್ತದೆ. ಪಂಚ್ ಲೈನ್ ಕೈ ತಾನೇ ಹಾರಿಹೋಗಿ ಶತ್ರುವನ್ನು ಗುದ್ದುತ್ತಿರುವಾಗ ನೀವು ಖಡ್ಗದಿಂದ ಹೊಡೆಯುತ್ತಿರಬಹುದು. ಶತ್ರುಗಳ ವೇಗ ತಡೆಯಲಾಗದಷ್ಟಾದಾಗ ಕಾಲವನ್ನು ನಿಧಾನಗೊಳಿಸುವ ರ‍್ಯಾಗ್‌ಟೈಮ್ ಕೆಲಸಕ್ಕೆ ಬರುತ್ತದೆ. ಮಿಷನ್‌ಗಳ ನಡುವೆ ಕಾಣುವ ಟೆಲಿಫೋನ್ ಬೂತ್‌ನಿಂದ ಕರೆ ಮಾಡಿದರೆ ನಿಕೊ ತನ್ನ ವ್ಯಾನನ್ನು ಗೋಡೆ ಒಡೆದಾದರೂ ಓಡಿಸಿಕೊಂಡು ಬಂದು ಅಂಗಡಿ ತೆರೆಯುತ್ತಾಳೆ, ಕೈಗಳನ್ನು ಅಲ್ಲಿ ತುಂಬಿಕೊಳ್ಳಬಹುದು.

ವಿ: ದೂರ ನಿಂತು ಗೆಲ್ಲುವ ಬಗೆ

ನಾಲ್ಕನೆಯ ಮಿಷನ್‌ನಲ್ಲಿ ಬರುವ ವಿ ಒಬ್ಬ ಕೃಶಕಾಯ, ಕೈಯಲ್ಲಿ ಊರುಗೋಲು ಮತ್ತು ವಿಲಿಯಂ ಬ್ಲೇಕ್‌ನ ಕವಿತೆಗಳ ಪುಸ್ತಕ. ಅವನು ತಾನಾಗಿ ಹೋರಾಡುವುದಿಲ್ಲ. ಚೌಕ ಒತ್ತಿದರೆ ಗ್ರಿಫನ್ ಎಂಬ ಹಕ್ಕಿ ದಾಳಿ ಮಾಡುತ್ತದೆ, ತ್ರಿಕೋನ ಒತ್ತಿದರೆ ಶ್ಯಾಡೊ ಎಂಬ ಕರಿಚಿರತೆ. ಇವು ಶತ್ರುವನ್ನು ಜರ್ಝರಿತಗೊಳಿಸಬಲ್ಲವೇ ಹೊರತು ಕೊಲ್ಲಲಾರವು; ಕೊನೆಯ ಇರಿತವನ್ನು ವಿ ಯೇ ಹೋಗಿ ಕೊಡಬೇಕು, ಅದಕ್ಕೆ ವೃತ್ತ.

ಇಲ್ಲಿ ಕಲಿಯಬೇಕಾದದ್ದು ಎರಡೇ. ನಿಮ್ಮ ಕಣ್ಣು ಶತ್ರುಗಳ ಮೇಲಲ್ಲ, ವಿ ಯ ಸುತ್ತಲಿನ ಜಾಗದ ಮೇಲಿರಬೇಕು. ಇನ್ನೊಂದು, ಪೆಟ್ಟು ತಿಂದು ಸೋತ ಪ್ರಾಣಿ ಉಂಡೆಯಂತಾಗಿ ಬಿದ್ದಾಗ ಅದರ ಹತ್ತಿರಕ್ಕೆ ಹೋಗಿ ನಿಂತರೆ ಬೇಗ ಚೇತರಿಸಿಕೊಳ್ಳುತ್ತದೆ, ದೂರ ಓಡಿದರೆ ತಡವಾಗುತ್ತದೆ. ಪುಸ್ತಕ ಓದಿದರೆ ರಾಕ್ಷಸ ಬಲವನ್ನು ಅಳೆಯುವ ಡೆವಿಲ್ ಟ್ರಿಗರ್ ಪಟ್ಟಿ ತುಂಬುತ್ತದೆ, ಅದು ತುಂಬಿದಾಗ ನೈಟ್‌ಮೇರ್ ಎಂಬ ದೈತ್ಯನನ್ನು ಕರೆಯಿರಿ. ಅವನು ಎಲ್ಲಿಂದ ಇಳಿಯುತ್ತಾನೋ ಅಲ್ಲಿನ ಗೋಡೆ ಒಡೆದು ಗುಪ್ತ ದಾರಿಗಳು ತೆರೆದುಕೊಳ್ಳುವುದೂ ಉಂಟು.

ಡಾಂಟೆ: ಒಂದೊಂದಾಗಿ ಬಿಚ್ಚಿಕೊಳ್ಳಿ

ಹತ್ತನೆಯ ಮಿಷನ್‌ನಿಂದ ಡಾಂಟೆ ಕೈಗೆ ಸಿಗುತ್ತಾನೆ, ಅಲ್ಲಿ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಡಿ-ಪ್ಯಾಡ್‌ನ (ಕಂಟ್ರೋಲರ್‌ನ ದಿಕ್ಕಿನ ಬಟನ್‌ಗಳ) ನಾಲ್ಕು ದಿಕ್ಕುಗಳಿಗೆ ನಾಲ್ಕು ಶೈಲಿಗಳು, ಆರ್2ಗೆ ಕೈಯಾಯುಧಗಳ ಬದಲಾವಣೆ, ಎಲ್2ಗೆ ಬಂದೂಕುಗಳ ಬದಲಾವಣೆ, ಇದರ ಜೊತೆಗೆ ರಾಕ್ಷಸ ರೂಪ ತಾಳುವ ಡೆವಿಲ್ ಟ್ರಿಗರ್. ಎಲ್ಲವನ್ನೂ ಯಾವ ಕ್ಷಣದಲ್ಲಾದರೂ ಬದಲಾಯಿಸಬಹುದು ಎಂಬುದೇ ಅವನ ಶಕ್ತಿ. ಹೊಸಬರಿಗೆ ಅದೇ ದೊಡ್ಡ ತೊಡಕೂ ಹೌದು.

ಆದ್ದರಿಂದ ಮೊದಲ ಎರಡು ಮಿಷನ್‌ಗಳಲ್ಲಿ ಟ್ರಿಕ್‌ಸ್ಟರ್ ಶೈಲಿಯಲ್ಲೇ ಇರಿ. ಅದರಲ್ಲಿ ವೃತ್ತ ಒತ್ತಿದರೆ ಡಾಂಟೆ ಪಕ್ಕಕ್ಕೆ ಚಿಮ್ಮಿ ಪಾರಾಗುತ್ತಾನೆ. ಬದುಕುಳಿಯುವುದಕ್ಕೆ ಅಷ್ಟು ಸಾಕು. ಕಾಲಿಗೆ ಧೈರ್ಯ ಬಂದ ಮೇಲೆ ಸ್ವೋರ್ಡ್‌ಮಾಸ್ಟರ್ ಸೇರಿಸಿಕೊಳ್ಳಿ: ಕೈಯಲ್ಲಿರುವ ಆಯುಧಕ್ಕೆ ವೃತ್ತ ಬಟನ್ನಿನಲ್ಲಿ ಹೊಸ ಹೊಡೆತಗಳು ಬರುತ್ತವೆ. ಈ ಎರಡರ ನಡುವೆ ನೋಡದೆ ಬದಲಾಯಿಸಲು ಬಂದರೆ ಅರ್ಧ ಡಾಂಟೆ ನಿಮ್ಮವನಾದಂತೆ. ಬಂದೂಕುಗಳ ಶೈಲಿಯಾದ ಗನ್‌ಸ್ಲಿಂಗರ್‌ಗೆ ಅವಸರವಿಲ್ಲ.

ನಾಲ್ಕನೆಯ ಶೈಲಿಯಾದ ರಾಯಲ್‌ಗಾರ್ಡ್ ಮಾತ್ರ ಪ್ರತ್ಯೇಕ ಸಾಧನೆಯನ್ನು ಕೇಳುತ್ತದೆ. ಪೆಟ್ಟು ತಗಲುವ ನಿಖರ ಗಳಿಗೆಯಲ್ಲಿ ವೃತ್ತ ಒತ್ತಿದರೆ ಆ ಪೆಟ್ಟಿನ ಬಲ ಡಾಂಟೆಯೊಳಗೆ ಜಮೆಯಾಗುತ್ತದೆ, ಜಮೆಯಾದದ್ದನ್ನು ಒಂದೇ ಗುದ್ದಿನಲ್ಲಿ ಹಿಂದಿರುಗಿಸಬಹುದು. ಇದನ್ನು ಕಥೆಯ ನಡುವೆ ಕಲಿಯಲು ಹೋಗದೆ ವಾಯ್ಡ್‌ನಲ್ಲಿ ನಿಧಾನವಾಗಿ ಖಡ್ಗ ಎತ್ತುವ ಕವಚಧಾರಿ ಶತ್ರುವನ್ನು ಆರಿಸಿಕೊಂಡು, ಅವನ ಭುಜದ ಚಲನೆಯನ್ನು ಗಮನಿಸುತ್ತಾ ಅಭ್ಯಾಸ ಮಾಡಿ. ಅಲುಗನ್ನು ನೋಡಿ ಒತ್ತಿದರೆ ತಡವಾಗುತ್ತದೆ.

ಆಯುಧಗಳಲ್ಲಿ ಬಾಲ್‌ರಾಗ್ ಎಂಬ ಬೆಂಕಿಯ ಕೈಗವಸು ಮತ್ತು ಪಾದರಕ್ಷೆಗಳ ಜೋಡಿ ಹೊಸಬರಿಗೆ ಬಹಳ ಒದಗಿಬರುತ್ತದೆ. ಎರಡು ಭಾಗವಾಗಿ ಗರಗಸದಂತೆ ಬೀಸಬಹುದಾದ ಮೋಟರ್‌ಸೈಕಲ್ ‘ಕ್ಯಾವಲಿಯರ್’ ನಿಧಾನ, ಆದರೆ ಅದರ ಚಕ್ರ ತಿರುಗಿಸುವ ಸಮಯ ಕಲಿತವರಿಗೆ ದೈತ್ಯ ಶತ್ರುಗಳೂ ಮಣಿಯುತ್ತವೆ. ‘ಡಾಕ್ಟರ್ ಫೌಸ್ಟ್’ ಎಂಬ ಟೋಪಿಯ ಬಗ್ಗೆ ಎಚ್ಚರವಿರಲಿ: ಅದು ನೀವು ಕೂಡಿಟ್ಟ ಕೆಂಪು ಆರ್ಬ್‌ಗಳನ್ನೇ ಗುಂಡುಗಳಾಗಿ ಖರ್ಚು ಮಾಡುತ್ತದೆ. ವಿದ್ಯೆಗಳನ್ನೆಲ್ಲ ಕೊಂಡು ಮುಗಿಸುವವರೆಗೆ ಅದನ್ನು ಆಯುಧಗಳ ಸಾಲಿನಿಂದ ತೆಗೆದಿಡುವುದೇ ಮೇಲು.

ಕಥೆ ಮುಗಿದ ಮೇಲೆ

ಮೊದಲ ಸುತ್ತು ಮುಗಿದರೆ ಸನ್ ಆಫ್ ಸ್ಪಾರ್ಡಾ ಹಂತ ತೆರೆಯುತ್ತದೆ. ಅಲ್ಲಿ ಶತ್ರುಗಳ ಜೋಡಣೆಯೇ ಬೇರೆ, ಆದ್ದರಿಂದ ಹಳೆಯ ಮಿಷನ್‌ಗಳೂ ಹೊಸದೆನಿಸುತ್ತವೆ. ಅದನ್ನೂ ಮುಗಿಸಿದರೆ ಡಾಂಟೆ ಮಸ್ಟ್ ಡೈ, ಅಲ್ಲಿ ಶತ್ರುಗಳಿಗೂ ರಾಕ್ಷಸ ರೂಪದ ಬಲ ಬರುತ್ತದೆ. ಕಲಿತ ವಿದ್ಯೆಗಳೂ ಆಯುಧಗಳೂ ಮುಂದಿನ ಹಂತಕ್ಕೆ ಜೊತೆಯಲ್ಲೇ ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಗೇಮ್ ನಿಜವಾಗಿ ಶುರುವಾಗುವುದು ಸನ್ ಆಫ್ ಸ್ಪಾರ್ಡಾದಲ್ಲಿ.

ಹನ್ನೆರಡು ಗುಪ್ತ ಮಿಷನ್‌ಗಳನ್ನು ಹುಡುಕಲು ಗೋಡೆಗಳ ಮೇಲೆ, ಕಂಬಗಳ ಮೇಲೆ ಚೂರುಚೂರಾಗಿ ಬರೆದಿರುವ ಕೆಂಪು ಗುರುತುಗಳನ್ನು ಗಮನಿಸಬೇಕು. ಸರಿಯಾದ ಜಾಗದಲ್ಲಿ ನಿಂತು ನೋಡಿದಾಗ ಚೂರುಗಳು ಒಂದೇ ಚಿತ್ರವಾಗಿ ಕೂಡಿಕೊಳ್ಳುತ್ತವೆ. ಇವುಗಳಲ್ಲಿ ಸಿಗುವ ನೀಲಿ ಆರ್ಬ್ ಚೂರುಗಳು ಪ್ರಾಣದ ಪಟ್ಟಿಯನ್ನು ಹಿಗ್ಗಿಸುತ್ತವೆ.

2019ರ ಏಪ್ರಿಲ್‌ನಲ್ಲಿ ಉಚಿತವಾಗಿ ಸೇರಿಸಿದ, ಬರೀ ಕಾಳಗಗಳೇ ಇರುವ ಬ್ಲಡಿ ಪ್ಯಾಲೇಸ್ ಮೋಡ್‌ನಲ್ಲಿ 101 ಅಂತಸ್ತುಗಳಿವೆ. ಗಡಿಯಾರ ಓಡುತ್ತಲೇ ಇರುತ್ತದೆ. ಪೆಟ್ಟು ತಿನ್ನದೆ ಅಂತಸ್ತು ದಾಟಿದರೆ ಹೆಚ್ಚುವರಿ ಸಮಯ ಸಿಗುತ್ತದೆ. ಯಾವ ಪಾತ್ರ ನಿಮ್ಮ ಕೈಗೆ ನಿಜವಾಗಿ ಒಗ್ಗಿದೆ ಎಂಬುದು ಇಲ್ಲಿ ಬಹಳ ಬೇಗ ಗೊತ್ತಾಗುತ್ತದೆ. ವರ್ಜಿಲ್‌ನನ್ನು ಕೊಂಡವರಿಗೆ ಒಂದೇ ಸೂಚನೆ: ಅವನ ಏಕಾಗ್ರತೆಯ ಪಟ್ಟಿ ಶಾಂತವಾಗಿ ನಡೆದರೆ ತುಂಬುತ್ತದೆ, ಓಡಿದರೆ ಮತ್ತು ಗುರಿತಪ್ಪಿ ಬೀಸಿದರೆ ಕುಗ್ಗುತ್ತದೆ. ಅವನನ್ನು ನಡೆಸಿಯೇ ಆಡಬೇಕು.

ಕಲೆಕ್ಟರ್ಸ್ ಎಡಿಷನ್

ಸಾಮಾನ್ಯ ಆವೃತ್ತಿಗಿಂತ ಮೇಲೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಡೀಲಕ್ಸ್ ಎಡಿಷನ್. ಅದರಲ್ಲಿ ಹೆಚ್ಚುವರಿ ಡೆವಿಲ್ ಬ್ರೇಕರ್‌ಗಳು, ಡಾಂಟೆಗೆ ‘ಕ್ಯಾವಲಿಯರ್ ಆರ್’, ಹಿಂದಿನ ಭಾಗಗಳ ಕಾಳಗದ ಸಂಗೀತ ಮತ್ತು ಕಥಾದೃಶ್ಯಗಳ ಪೂರ್ವತಯಾರಿಗಾಗಿ ನಿಜವಾದ ಮನುಷ್ಯರು ಸಾದಾ ಸೆಟ್‌ಗಳಲ್ಲಿ ನಟಿಸಿದ ದೃಶ್ಯಾವಳಿ ಇವೆ. ಈ ಕೊನೆಯದನ್ನು ಒಮ್ಮೆಯಾದರೂ ನೋಡಿ, ಒಂದು ಕಾಳಗದ ದೃಶ್ಯ ಹೇಗೆ ಹುಟ್ಟುತ್ತದೆ ಎಂಬುದನ್ನು ಇಷ್ಟು ಬಿಚ್ಚುಮನಸ್ಸಿನಿಂದ ತೋರಿಸಿದ ಗೇಮ್ ತಂಡಗಳು ವಿರಳ.

ಎರಡನೆಯ ಮೆಟ್ಟಿಲೇ ಕಲೆಕ್ಟರ್ಸ್ ಎಡಿಷನ್: ಡೀಲಕ್ಸ್‌ನ ಎಲ್ಲವೂ ಇದ್ದು, ಜೊತೆಗೆ ನಿಕೊಳ ವ್ಯಾನಿನ ಮಾದರಿ ಮತ್ತು ಚಿತ್ರಕಲೆಯ ಪುಸ್ತಕ ಇರುವ ದೊಡ್ಡ ಪೆಟ್ಟಿಗೆ. ನಾಯಕನೊಬ್ಬನ ಪ್ರತಿಮೆಯನ್ನು ಕೊಡುವ ರೂಢಿಯನ್ನು ಬಿಟ್ಟು ವ್ಯಾನನ್ನು ಆರಿಸಿದ್ದು ಸರಿಯಾದ ನಿರ್ಧಾರ ಎಂದೇ ನನ್ನ ಭಾವನೆ. ಕಾಳಗಗಳ ನಡುವೆ ಉಸಿರು ತೆಗೆದುಕೊಂಡ ಜಾಗ, ಹೊಸ ವಿದ್ಯೆ ಕೊಂಡ ಜಾಗ, ಎಲ್ಲ ಪಾತ್ರಗಳೂ ಬಂದುಹೋಗುವ ಜಾಗ ಅದೇ.

ಮೂರನೆಯದನ್ನು ಕ್ಯಾಪ್‌ಕಾಮ್ ಜಪಾನಿನಲ್ಲಿ ಮಾತ್ರ, ತನ್ನ ಸ್ವಂತ ಆನ್‌ಲೈನ್ ಅಂಗಡಿಯ ಮೂಲಕ ಮಾರಿತು. ಅದರೊಂದಿಗೆ ಪಾತ್ರಧಾರಿ ಧರಿಸುವಂಥದ್ದೇ ನಿಜವಾದ ಕೋಟು ಬರುತ್ತಿತ್ತು: ಡಾಂಟೆಯದಕ್ಕೆ 9 ಲಕ್ಷ ಯೆನ್, ನೀರೋನದಕ್ಕೆ 7.5 ಲಕ್ಷ, ವಿ ಯದಕ್ಕೆ 6 ಲಕ್ಷ. ಗೇಮ್‌ಗಳ ವಿಶೇಷ ಆವೃತ್ತಿಗಳ ಬೆಲೆಯ ಮಾತು ಬಂದಾಗಲೆಲ್ಲ ಇದನ್ನು ಇಂದಿಗೂ ನೆನೆಯುತ್ತಾರೆ.

ಈ ವಿಶೇಷ ಪೆಟ್ಟಿಗೆಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ವಸ್ತುಗಳು. ಕೊಳ್ಳುವವರು ಈ ಕೆಳಗಿನ ಕ್ರಮವನ್ನು ಬಿಡದೆ ಪಾಲಿಸಬೇಕು.

ಮೊದಲು, ನಿಮ್ಮ ಕನ್ಸೋಲಿನ ಖಾತೆ ಯಾವ ದೇಶದ್ದು ಎಂದು ನೋಡಿಕೊಳ್ಳಿ. ಪ್ಲೇಸ್ಟೇಷನ್ 4ರ ಡಿಸ್ಕ್‌ಗಳಿಗೆ ಪ್ರಾದೇಶಿಕ ಬೀಗವಿಲ್ಲ, ಅಮೆರಿಕದ ಡಿಸ್ಕ್ ಬೆಂಗಳೂರಿನ ಯಂತ್ರದಲ್ಲೂ ಓಡುತ್ತದೆ. ಆದರೆ ಹೆಚ್ಚುವರಿ ವಿಷಯಗಳು ಡಿಸ್ಕಿನಲ್ಲಿರದೆ ಕೋಡ್ ಚೀಟಿಯಲ್ಲಿದ್ದರೆ, ಆ ಕೋಡ್ ಅದೇ ಪ್ರದೇಶದ ಖಾತೆಯಲ್ಲಿ ಮಾತ್ರ ಸ್ವೀಕಾರವಾಗುತ್ತದೆ. ಅಮೆರಿಕದಲ್ಲಿರುವ ಅಣ್ಣನಿಂದಲೋ ಗೆಳತಿಯಿಂದಲೋ ತರಿಸಿಕೊಳ್ಳುವ ನಮ್ಮವರಿಗೆ ಈ ತೊಡಕು ಮೇಲಿಂದ ಮೇಲೆ ಎದುರಾಗುತ್ತದೆ.

ಆಮೇಲೆ, ಕೋಡ್ ಬಳಕೆಯಾಗಿದೆಯೇ ಎಂದು ಮಾರುವವರನ್ನು ನೇರವಾಗಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ‘ಸೀಲ್ ಒಡೆದಿಲ್ಲ’ ಎಂಬ ಮಾತನ್ನು ಹಾಗೇ ನಂಬಬೇಡಿ, ಪ್ಲಾಸ್ಟಿಕ್ ಹೊದಿಕೆಯನ್ನು ಹೊಸದಾಗಿ ಹೊದಿಸುವುದು ಕಷ್ಟದ ಕೆಲಸವಲ್ಲ. ಪೆಟ್ಟಿಗೆಯ ಆರೂ ಮುಖಗಳ, ಎಂಟೂ ಮೂಲೆಗಳ, ವ್ಯಾನಿನ ಕನ್ನಡಿ ಮತ್ತು ಚಕ್ರಗಳಂಥ ಚಾಚಿಕೊಂಡ ಭಾಗಗಳ, ಪುಸ್ತಕದ ಬೆನ್ನಿನ ಫೋಟೊಗಳನ್ನು ಹಗಲು ಬೆಳಕಿನಲ್ಲಿ ತೆಗೆದು ಕಳುಹಿಸಲು ಹೇಳಿ. ಫೋಟೊ ಕಳುಹಿಸಲು ಹಿಂಜರಿಯುವವರಿಂದ ಕೊಳ್ಳದಿರುವುದೇ ಕ್ಷೇಮ.

ವಿದೇಶದಿಂದ ಅಂಚೆಯಲ್ಲೋ ಕೊರಿಯರ್‌ನಲ್ಲೋ ತರಿಸುವುದಾದರೆ ವಸ್ತುವಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಸೇರಿಸಿ, ಅದರ ಮೇಲೆ ಕಸ್ಟಮ್ಸ್ ಸುಂಕ ಬೀಳುತ್ತದೆ. ಕೊರಿಯರ್ ಸಂಸ್ಥೆಗಳು ತಮ್ಮ ಸೇವಾಶುಲ್ಕವನ್ನು ಬೇರೆ ಹಾಕುತ್ತವೆ. ಈ ನಾಲ್ಕನ್ನೂ ಕೂಡಿಸಿದ ಮೊತ್ತವೇ ನಿಜವಾದ ಬೆಲೆ ಎಂದು ತಿಳಿದು ಚೌಕಾಸಿಗೆ ಇಳಿಯಿರಿ. ಬೆಲೆಯನ್ನು ಕಡಿಮೆ ತೋರಿಸಿ ಕಳುಹಿಸುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ: ಅದು ಕಾನೂನಿಗೆ ವಿರುದ್ಧ, ದಾರಿಯಲ್ಲಿ ಕಳೆದುಹೋದರೆ ವಿಮೆಯೂ ಪೂರ್ತಿ ಸಿಗುವುದಿಲ್ಲ.

ಪೆಟ್ಟಿಗೆ ಮನೆಗೆ ಬಂದ ದಿನ, ಕತ್ತರಿ ಹಾಕುವ ಮೊದಲಿನಿಂದ ಹಿಡಿದು ಎಲ್ಲ ವಸ್ತುಗಳನ್ನು ಹೊರಗಿಡುವವರೆಗೆ ಒಂದೇ ಓಟದಲ್ಲಿ ವಿಡಿಯೊ ಮಾಡಿಕೊಳ್ಳಿ. ಏನಾದರೂ ಒಡೆದಿದ್ದರೆ ದೂರು ಕೊಡಲು ಅದೇ ಆಧಾರ. ಡಿಸ್ಕಿನ ತಳವನ್ನು ಓರೆ ಬೆಳಕಿಗೆ ಹಿಡಿದು ಗೀರುಗಳನ್ನು ನೋಡಿ, ಕೂಡಲೇ ಯಂತ್ರಕ್ಕೆ ಹಾಕಿ ಇನ್‌ಸ್ಟಾಲ್ ಪೂರ್ತಿಯಾಗುತ್ತದೆಯೇ ಎಂದು ಪರೀಕ್ಷಿಸಿ. ಕೋಡ್ ಇದ್ದರೆ ಅಂದೇ ಬಳಸಿಬಿಡಿ, ಅವುಗಳಿಗೆ ಮುಕ್ತಾಯದ ದಿನಾಂಕ ಇರುವುದುಂಟು.

ಇಡುವ ವಿಷಯದಲ್ಲಿ ಕರಾವಳಿ ಮತ್ತು ಮಲೆನಾಡಿನವರು ಹೆಚ್ಚು ಜಾಗರೂಕರಾಗಿರಬೇಕು. ಮಳೆಗಾಲದ ತೇವಕ್ಕೆ ಚಿತ್ರಪುಸ್ತಕದ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರಟ್ಟಿನ ಪೆಟ್ಟಿಗೆಯ ಒಳಮೈಗೆ ಬೂಷ್ಟು ಹಿಡಿಯುತ್ತದೆ. ಜೂನ್‌ಗೆ ಮೊದಲೇ ಪೆಟ್ಟಿಗೆಯನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಅವು ತೇವ ಹೀರಿದಂತೆ ಬದಲಾಯಿಸುತ್ತಿರಿ. ಗೋಡೆಗೆ ತಾಗಿಸಿ ಇಡಬೇಡಿ, ಪುಸ್ತಕವನ್ನು ಮಲಗಿಸುವ ಬದಲು ನಿಲ್ಲಿಸಿ ಇಡಿ. ಬಯಲುಸೀಮೆಯಲ್ಲಿ ಶತ್ರು ಬಿಸಿಲು: ನೇರ ಬೆಳಕು ಬೀಳುವ ಕಪಾಟಿನಲ್ಲಿ ಮುದ್ರಣದ ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಮಂಕಾಗುತ್ತದೆ, ಬೇಸಿಗೆಯ ಕಾವಿಗೆ ಪ್ಲಾಸ್ಟಿಕ್ ಮಾದರಿಗಳ ಮೈ ಜಿಗುಟಾಗುವುದೂ ಇದೆ. ವ್ಯಾನಿನ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸದೆ, ಬಣ್ಣ ಹಚ್ಚುವ ಮೆತ್ತನೆಯ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಝಾಡಿಸಿ.